ಗಲಭೆ ಎದ್ದ ದೇಶದಲ್ಲಿ ಪ್ರವಾಸಿ: ದಾರಿ ಮುಚ್ಚುವ ಮೊದಲು ತಿಳಿದಿರಬೇಕಾದ್ದು

2025ರ ಸೆಪ್ಟೆಂಬರ್ 8ರ ಬೆಳಿಗ್ಗೆ ಕಠ್ಮಂಡುವಿನಲ್ಲಿ ಬಂದಿಳಿದ ಪ್ರವಾಸಿಗೆ ಊರು ಮಾಮೂಲಾಗಿಯೇ ಕಂಡಿರುತ್ತದೆ. ಸೋಷಿಯಲ್ ಮೀಡಿಯಾ ನಿಷೇಧದ ವಿರುದ್ಧ ಯುವಕರು ಮೆರವಣಿಗೆ ಮಾಡ್ತಾರಂತೆ ಅಂತ ಯಾರೋ ಹೇಳಿರಬಹುದು, ಅಷ್ಟೆ. ಅದೇ ದಿನ ಗುಂಡು ಹಾರಿತು, ಕರ್ಫ್ಯೂ ಬಂತು. ಮರುದಿನ ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಪ್ರಧಾನಿ ರಾಜೀನಾಮೆ ಕೊಟ್ಟರು, ತ್ರಿಭುವನ್ ವಿಮಾನ ನಿಲ್ದಾಣ ಮುಚ್ಚಿತು. ಎರಡೇ ದಿನ. ವಾಪಸ್ ಟಿಕೆಟ್ ಕೈಯಲ್ಲಿದ್ದವರಿಗೂ ಹೊರಡುವ ದಾರಿ ಇರಲಿಲ್ಲ.

2022ರ ಡಿಸೆಂಬರಿನಲ್ಲಿ ಪೆರುವಿನಲ್ಲೂ ಹೀಗೇ ಆಯಿತು. ಅಧ್ಯಕ್ಷರನ್ನು ಸಂಸತ್ತು ಕೆಳಗಿಳಿಸಿದ ಮೇಲೆ ಪ್ರತಿಭಟನೆ ಎದ್ದು, ಬೆಟ್ಟದ ಮೇಲಿನ ಪುರಾತನ ನಗರ ಮಾಚು ಪಿಚುವಿಗೆ ಹೋಗುವ ರೈಲು ನಿಂತುಬಿಟ್ಟಿತು. ಬೆಟ್ಟದ ಬುಡದ ಊರಿನಲ್ಲಿ ಸಿಕ್ಕಿಕೊಂಡ ಪ್ರವಾಸಿಗರಲ್ಲಿ ಕೆಲವರು ಹಳಿಯ ಮೇಲೇ ನಡೆದು ಹೊರಬಂದರು. 2024ರ ಮೇ ತಿಂಗಳಲ್ಲಿ ಪೆಸಿಫಿಕ್ ಸಾಗರದ ಫ್ರೆಂಚ್ ದ್ವೀಪ ನ್ಯೂ ಕ್ಯಾಲೆಡೋನಿಯಾದ ಗಲಭೆಯಲ್ಲಿ ವಿಮಾನಗಳು ನಿಂತಾಗ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳು ತಮ್ಮವರಿಗಾಗಿ ಸೇನೆಯ ವಿಮಾನ ಕಳಿಸಿದವು.

ಈ ಮೂರು ಕಡೆಯೂ ಪ್ರತಿಭಟನೆಯ ಸಿಟ್ಟು ಪ್ರವಾಸಿಗರ ಮೇಲಿರಲಿಲ್ಲ. ಗಲಭೆ ಅಂದಾಕ್ಷಣ ನಮ್ಮ ಕಣ್ಣ ಮುಂದೆ ಕಲ್ಲು, ಬೆಂಕಿ, ಗುಂಡು ಬರುತ್ತವೆ. ಹೊರಗಿನಿಂದ ಬಂದವರನ್ನು ಅದಕ್ಕಿಂತ ಜಾಸ್ತಿ ಕಾಡುವುದು ಬೇರೆಯೇ: ದಾರಿ ಮುಚ್ಚುತ್ತದೆ. ರಸ್ತೆ, ರೈಲು, ವಿಮಾನ, ಎಟಿಎಂ, ಇಂಟರ್ನೆಟ್ ಒಂದರ ಹಿಂದೆ ಒಂದು ನಿಲ್ಲುತ್ತವೆ. ಆದ್ದರಿಂದ ಇಲ್ಲಿ ಹೇಳುವ ಬಹುತೇಕ ವಿಷಯ ಧೈರ್ಯದ್ದಲ್ಲ, ಸಮಯದ್ದು.

ಯಾವ ಮಾತಿಗೆ ಏನರ್ಥ?

ಸುದ್ದಿಯಲ್ಲಿ ಬರುವ ಪದಗಳನ್ನು ನಾವು ಒಂದೇ ತಕ್ಕಡಿಯಲ್ಲಿ ಹಾಕಿಬಿಡುತ್ತೇವೆ. ಪ್ರವಾಸಿಗೆ ಅವುಗಳ ನಡುವಿನ ವ್ಯತ್ಯಾಸ ಮುಖ್ಯ.

ಪ್ರತಿಭಟನೆ ಅಂದರೆ ಜನ ಒಂದು ಜಾಗದಲ್ಲಿ ಸೇರಿ ಕೂಗುವುದು. ಸಾಮಾನ್ಯವಾಗಿ ಅದಕ್ಕೆ ಗೊತ್ತಾದ ಜಾಗ, ಗೊತ್ತಾದ ಹೊತ್ತು ಇರುತ್ತದೆ. ನಾಲ್ಕು ಬೀದಿ ಆಚೆ ಜೀವನ ಮಾಮೂಲಾಗಿ ನಡೆಯುತ್ತಿರುತ್ತದೆ. ಗಲಭೆಗೆ ಹೀಗೆ ಜಾಗ, ಹೊತ್ತು ಇಲ್ಲ. ಅದು ಬೀದಿಯಿಂದ ಬೀದಿಗೆ ಓಡುತ್ತದೆ.

ಕರ್ಫ್ಯೂ ಅಂದರೆ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಮನೆಯಿಂದ ಹೊರಬರಬಾರದು ಅನ್ನುವ ಆದೇಶ. ಪ್ರವಾಸಿ ಅನ್ನುವ ಕಾರಣಕ್ಕೆ ಅದರಲ್ಲಿ ವಿನಾಯಿತಿ ಸಿಗುವುದಿಲ್ಲ. ವಿಮಾನದ ಟಿಕೆಟ್ ತೋರಿಸಿದರೆ ಬಿಡುವ ಕಡೆಗಳೂ ಇವೆ, ಬಿಡದ ಕಡೆಗಳೂ ಇವೆ. ಬಾಗಿಲು ದಾಟುವ ಮೊದಲೇ ಹೋಟೆಲಿನವರನ್ನು ಕೇಳಿ.

ತುರ್ತು ಪರಿಸ್ಥಿತಿ ಅನ್ನುವುದು ಕಾನೂನಿನ ಮಾತು. ಸರ್ಕಾರ ತನಗೆ ಹೆಚ್ಚುವರಿ ಅಧಿಕಾರ ತೆಗೆದುಕೊಂಡಿದೆ, ಮಾಮೂಲಿ ಹಕ್ಕುಗಳಲ್ಲಿ ಕೆಲವು ತಾತ್ಕಾಲಿಕವಾಗಿ ನಿಂತಿವೆ ಎಂದರ್ಥ. ಬೀದಿಯಲ್ಲಿ ಏನೂ ಕಾಣದೇ ಇರಬಹುದು. 2015ರ ನವೆಂಬರ್ ದಾಳಿಯ ನಂತರ ಫ್ರಾನ್ಸಿನಲ್ಲಿ ತುರ್ತು ಪರಿಸ್ಥಿತಿ ಸುಮಾರು ಎರಡು ವರ್ಷ ಜಾರಿಯಲ್ಲಿತ್ತು, ಪ್ರವಾಸಿಗರು ಹೋಗಿಬರುತ್ತಲೇ ಇದ್ದರು. ಆದರೆ ಪೊಲೀಸರು ತಡೆದು ಶೋಧಿಸಿದಾಗ ‘ಯಾಕೆ’ ಎಂದು ವಾದಕ್ಕೆ ನಿಲ್ಲುವ ಕಾಲ ಅದಲ್ಲ.

ಕೊನೆಯದು ಸಶಸ್ತ್ರ ಸಂಘರ್ಷ: ಎರಡು ಕಡೆಯಲ್ಲೂ ಬಂದೂಕು. ಇದರ ಲೆಕ್ಕವೇ ಬೇರೆ. 2023ರ ಏಪ್ರಿಲ್ 15ರಂದು ಸೂಡಾನಿನ ಖಾರ್ಟೂಮ್‌ನಲ್ಲಿ ಸೇನೆ ಮತ್ತು ಅರೆಸೇನೆಯ ನಡುವೆ ಕಾಳಗ ಶುರುವಾದಾಗ ಮೊದಲ ದಿನವೇ ವಿಮಾನ ನಿಲ್ದಾಣ ಕದನದ ಅಂಗಳವಾಯಿತು. ನಿಂತಿದ್ದ ವಿಮಾನಗಳು ಸುಟ್ಟವು.

ಎಚ್ಚರಿಕೆಯ ಸಾಲುಗಳ ನಡುವೆ

ಬಹಳಷ್ಟು ದೇಶಗಳ ವಿದೇಶಾಂಗ ಇಲಾಖೆಗಳು ತಮ್ಮ ಪ್ರಜೆಗಳಿಗಾಗಿ ಪ್ರಯಾಣ ಸಲಹೆ ಕೊಡುತ್ತವೆ. ಅಮೆರಿಕದ್ದು ನಾಲ್ಕು ಹಂತ. ಒಂದನೆಯದು ‘ಮಾಮೂಲಿ ಎಚ್ಚರ ಸಾಕು’, ಎರಡು ‘ಹೆಚ್ಚು ಎಚ್ಚರ ಬೇಕು’, ಮೂರು ‘ಹೋಗಬೇಕಾ ಅಂತ ಮತ್ತೊಮ್ಮೆ ಯೋಚಿಸಿ’, ನಾಲ್ಕು ‘ಹೋಗಬೇಡಿ’. ಬ್ರಿಟನ್ನಿನದು ಅಂಕಿಯಲ್ಲಿಲ್ಲ, ಮಾತಿನಲ್ಲಿದೆ: ‘ತೀರಾ ಅಗತ್ಯವಿದ್ದರೆ ಮಾತ್ರ ಹೋಗಿ’, ಇಲ್ಲವೇ ‘ಹೋಗಲೇಬೇಡಿ’.

ಇವು ಹವಾಮಾನ ವರದಿಯ ಹಾಗೆ. ಜಿಲ್ಲೆಗೆಲ್ಲ ಮಳೆ ಅಂತ ಬರೆದಿದ್ದರೂ ನಿಮ್ಮ ತಲೆ ಮೇಲೆ ಬೀಳದೇ ಇರಬಹುದು. ಅದಕ್ಕೇ ಸಲಹೆಯ ನಕ್ಷೆಯಲ್ಲಿ ಇಡೀ ದೇಶಕ್ಕೆ ಹಚ್ಚಿದ ಬಣ್ಣ ನೋಡಿ ತೀರ್ಮಾನಿಸಬಾರದು, ಒಳಗಿನ ಸಾಲು ಓದಬೇಕು. ಒಂದೇ ದೇಶದಲ್ಲಿ ರಾಜಧಾನಿ ಎರಡನೇ ಹಂತದಲ್ಲಿದ್ದು ಗಡಿ ಜಿಲ್ಲೆ ನಾಲ್ಕರಲ್ಲಿರಬಹುದು. ಕಾರಣವನ್ನೂ ಬರೆದಿರುತ್ತಾರೆ: ಕಳ್ಳತನವೋ, ಅಪಹರಣವೋ, ಪ್ರತಿಭಟನೆಯೋ, ವಿನಾಕಾರಣ ಬಂಧನವೋ. ಕಳ್ಳತನದ ಎರಡನೇ ಹಂತಕ್ಕೂ ಗಲಭೆಯ ಎರಡನೇ ಹಂತಕ್ಕೂ ತಯಾರಿ ಒಂದೇ ಅಲ್ಲ.

ಒಂದೇ ಸಲಹೆ ಓದಬೇಡಿ, ಎರಡು ಮೂರು ದೇಶಗಳದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ಸರ್ಕಾರಕ್ಕೂ ಅದರದೇ ಸ್ನೇಹ, ಅದರದೇ ಮುಲಾಜು ಇರುತ್ತದಲ್ವಾ? ಮೂರೂ ಒಂದೇ ಜಿಲ್ಲೆಯ ಹೆಸರು ಹೇಳಿದರೆ ಅದನ್ನು ನಂಬುವುದು ಒಳ್ಳೆಯದು. ನಾನು ಇನ್ನೂ ಒಂದು ವಿಷಯ ನೋಡುತ್ತೇನೆ. ರಾಯಭಾರ ಕಚೇರಿ ತನ್ನ ಸಿಬ್ಬಂದಿಯ ಹೆಂಡತಿ ಮಕ್ಕಳನ್ನು ವಾಪಸ್ ಕಳಿಸುತ್ತಿದೆಯಾ? ಕಳಿಸುತ್ತಿದ್ದರೆ ಬಣ್ಣ ಯಾವುದಿದ್ದರೂ ನಾನು ಆ ಪ್ರವಾಸ ಮುಂದೆ ಹಾಕುತ್ತೇನೆ.

ವಿಮೆ ಮತ್ತು ಹೊತ್ತಿ ಉರಿಯುವ ಮನೆ

ಹೊತ್ತಿ ಉರಿಯುತ್ತಿರುವ ಮನೆಗೆ ಯಾರೂ ವಿಮೆ ಕೊಡುವುದಿಲ್ಲ. ಪ್ರವಾಸ ವಿಮೆಯಲ್ಲೂ ಇದೇ ನ್ಯಾಯ. ಗಲಭೆ ಸುದ್ದಿಯಾದ ಮೇಲೆ ಪಾಲಿಸಿ ಕೊಂಡರೆ, ಅದು ‘ಮೊದಲೇ ಗೊತ್ತಿದ್ದ ಘಟನೆ’ ಎಂದು ಕಂಪನಿ ಕೈ ತೊಳೆದುಕೊಳ್ಳಬಹುದು. ಟಿಕೆಟ್ ಕೊಂಡ ದಿನವೇ ವಿಮೆಯನ್ನೂ ಕೊಳ್ಳಿ ಅನ್ನುವುದು ಇದಕ್ಕೇ.

ಎರಡನೇ ಗುಂಡಿ, ಪಾಲಿಸಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ‘ಇವಕ್ಕೆಲ್ಲ ಅನ್ವಯಿಸುವುದಿಲ್ಲ’ ಎಂಬ ಪಟ್ಟಿ. ಹಲವು ಪಾಲಿಸಿಗಳಲ್ಲಿ ಯುದ್ಧ, ದಂಗೆ, ಸೇನಾ ಕ್ರಾಂತಿ ಆ ಪಟ್ಟಿಯಲ್ಲೇ ಇರುತ್ತವೆ. ಗಾಯವಾದರೆ ಆಸ್ಪತ್ರೆ ಖರ್ಚು ಕೊಡುತ್ತಾರೆ, ಹೆದರಿ ಬೇಗ ಹೊರಟರೆ ಟಿಕೆಟ್ ಹಣ ಕೊಡುವುದಿಲ್ಲ ಎಂಬಂಥ ಷರತ್ತುಗಳೂ ಇರುತ್ತವೆ. ನಿಮ್ಮ ಸರ್ಕಾರ ‘ಹೋಗಬೇಡಿ’ ಎಂದ ಜಾಗಕ್ಕೆ ಹೋದರೆ ಇಡೀ ಪಾಲಿಸಿಯೇ ಬಿದ್ದುಹೋಗಬಹುದು. ಬ್ರಿಟನ್ ತನ್ನ ಸಲಹೆಯಲ್ಲೇ ಈ ಮಾತನ್ನು ಬರೆದಿರುತ್ತದೆ.

ವಿಮಾನ ಕಂಪನಿಯಿಂದ ಏನು ಸಿಗುತ್ತದೆ ಅನ್ನುವುದು ಆಯಾ ದೇಶದ ನಿಯಮಕ್ಕೆ ಬಿಟ್ಟದ್ದು. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ರಾಜಕೀಯ ಅಸ್ಥಿರತೆಯನ್ನು ಕಂಪನಿಯ ಕೈಮೀರಿದ್ದು ಎಂದು ಎಣಿಸುತ್ತಾರೆ. ಹಾಗಾಗಿ ಪರಿಹಾರದ ಹಣ ಇಲ್ಲ. ಆದರೆ ವಿಮಾನ ರದ್ದಾದರೆ ಟಿಕೆಟ್ ಹಣ ವಾಪಸ್ ಅಥವಾ ಬೇರೆ ವಿಮಾನ, ಕಾಯುವಾಗ ಊಟ ವಸತಿ, ಇಷ್ಟು ಕೊಡಲೇಬೇಕು. ರದ್ದಾಗುವ ಮೊದಲೇ ಅವಸರಪಟ್ಟು ನೀವೇ ಟಿಕೆಟ್ ಕ್ಯಾನ್ಸಲ್ ಮಾಡಿದರೆ ಈ ಹಕ್ಕು ಕೈತಪ್ಪುತ್ತದೆ. ಹಣ ಮುಖ್ಯವೋ, ಇವತ್ತೇ ಹೊರಡುವುದು ಮುಖ್ಯವೋ ನೋಡಿಕೊಂಡು ಮಾಡಿ.

ಚೀಲದಲ್ಲಿ ಇರಬೇಕಾದ್ದು

ಪಾಸ್‌ಪೋರ್ಟ್, ವೀಸಾ ಪುಟಗಳ ಎರಡು ಪ್ರತಿ. ಒಂದು ಕಾಗದದಲ್ಲಿ, ಇನ್ನೊಂದು ಫೋನಿನಲ್ಲೇ, ಇಂಟರ್ನೆಟ್ ಇಲ್ಲದೆಯೂ ತೆರೆಯುವ ಹಾಗೆ. ಅಸಲು ಪಾಸ್‌ಪೋರ್ಟ್ ಆದಷ್ಟೂ ನಿಮ್ಮ ಹತ್ತಿರವೇ ಇರಲಿ. ಖಾರ್ಟೂಮ್‌ನಲ್ಲಿ ವಿದೇಶಿ ರಾಯಭಾರ ಕಚೇರಿಗಳು ರಾತ್ರೋರಾತ್ರಿ ಖಾಲಿಯಾದಾಗ, ವೀಸಾಕ್ಕೆಂದು ಅಲ್ಲಿ ಪಾಸ್‌ಪೋರ್ಟ್ ಕೊಟ್ಟಿದ್ದ ಎಷ್ಟೋ ಸೂಡಾನಿಗರ ದಾಖಲೆ ಬೀಗ ಹಾಕಿದ ಕಟ್ಟಡದೊಳಗೇ ಉಳಿಯಿತು. ಗಡಿ ತೆರೆದಿದ್ದರೂ ದಾಟಲು ಅವರ ಕೈಯಲ್ಲಿ ಕಾಗದ ಇರಲಿಲ್ಲ.

ನಗದು ಬೇಕು. ಕರೆಂಟು, ನೆಟ್‌ವರ್ಕ್ ಹೋದರೆ ಕಾರ್ಡ್ ಬರೀ ಪ್ಲಾಸ್ಟಿಕ್ ತುಂಡು. ಸಣ್ಣ ನೋಟುಗಳಲ್ಲಿ ಇಟ್ಟುಕೊಳ್ಳಿ, ಒಂದೇ ಜೇಬಿನಲ್ಲಿ ಬೇಡ. ಗಲಾಟೆಯ ದಿನ ದೊಡ್ಡ ನೋಟಿಗೆ ಚಿಲ್ಲರೆ ಕೊಡುವವರು ಸಿಗುವುದಿಲ್ಲ. ದಿನವೂ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಒಂದು ವಾರಕ್ಕಾಗುವಷ್ಟು ಹೆಚ್ಚಿಗೆ.

ನಿಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಐದು ನಿಮಿಷದ ಕೆಲಸ, ಆದರೂ ಜನ ಉದಾಸೀನ ಮಾಡುವುದು ಇದನ್ನೇ. ನೀವು ಆ ದೇಶದಲ್ಲಿದ್ದೀರಿ ಅನ್ನುವುದೇ ಗೊತ್ತಿಲ್ಲದಿದ್ದರೆ ಅವರು ನಿಮ್ಮನ್ನು ಹುಡುಕುವುದು ಹೇಗೆ?

ಬೀದಿ ಕೊಡುವ ಸೂಚನೆ

ಗಲಭೆ ಹತ್ತಿರವಾಗುವುದು ಪ್ರವಾಸಿಗಿಂತ ಮೊದಲು ಅಂಗಡಿಯವರಿಗೆ ಗೊತ್ತಾಗುತ್ತದೆ. ಮಧ್ಯಾಹ್ನ ಮೂರು ಗಂಟೆ, ವ್ಯಾಪಾರದ ಹೊತ್ತು. ಸಾಲಾಗಿ ಶಟರ್ ಎಳೆಯುವ ಸದ್ದು ಕೇಳುತ್ತದೆ. ಒಬ್ಬರು ಹೊರಗಿಟ್ಟ ಸಾಮಾನನ್ನು ಅವಸರದಲ್ಲಿ ಒಳಗೆ ದಬ್ಬುತ್ತಿದ್ದಾರೆ, ಪಕ್ಕದವರು ಅರ್ಧ ಶಟರ್ ಇಳಿಸಿ ಅದರ ಕೆಳಗಿಂದ ಬಗ್ಗಿ ರಸ್ತೆ ನೋಡುತ್ತಿದ್ದಾರೆ. ಹೆಂಗಸರು, ಮಕ್ಕಳು ಬೀದಿಯಲ್ಲಿ ಕಾಣುತ್ತಿಲ್ಲ. ಟ್ಯಾಕ್ಸಿಯವರು ಆ ಕಡೆ ಬರಲ್ಲ ಅನ್ನುತ್ತಾರೆ. ಅಡ್ಡರಸ್ತೆಯಲ್ಲಿ ಪೊಲೀಸ್ ವ್ಯಾನುಗಳು ಸಾಲಾಗಿ ನಿಂತಿವೆ, ಒಳಗಿನವರು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾರೆ. ಇಷ್ಟರಲ್ಲಿ ಎರಡು ಕಂಡರೂ ಸಾಕು, ಬಂದ ದಾರಿಯಲ್ಲೇ ತಿರುಗಿ. ಏನಾಗ್ತಿದೆ ಅಂತ ನೋಡಿಬರೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬರುತ್ತದೆ. ಆ ಆಸೆಗೆ ಕೈಯಲ್ಲಿರುವ ಫೋನ್ ತುಪ್ಪ ಸುರಿಯುತ್ತದೆ.

ಫೋನಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪೊಲೀಸರ, ಸೈನಿಕರ, ತಡೆಗೋಡೆಗಳ ಫೋಟೊ ತೆಗೆಯಬೇಡಿ. ಕೆಲವು ದೇಶಗಳಲ್ಲಿ ಅದೇ ಅಪರಾಧ. ಪ್ರತಿಭಟನಾಕಾರರಿಗೂ ಅದು ಹಿಡಿಸುವುದಿಲ್ಲ, ನಾಳೆ ಆ ಚಿತ್ರವೇ ತಮ್ಮ ವಿರುದ್ಧ ಸಾಕ್ಷಿಯಾದೀತು ಎಂಬ ಭಯ ಅವರದು. ಎರಡೂ ಕಡೆಯವರ ಅನುಮಾನ ನಿಮ್ಮ ಮೇಲೆ ಬರುತ್ತದೆ. ಪ್ರತಿಭಟನಾಕಾರರ ಬಣ್ಣದ ಬಟ್ಟೆ, ಸೇನೆಯ ಮಾದರಿಯ ಪ್ಯಾಂಟು ಎರಡೂ ಆ ದಿನಗಳಲ್ಲಿ ಪೆಟ್ಟಿಗೆಯೊಳಗೇ ಇರಲಿ.

ಗುಂಪಿನ ನಡುವೆ ಸಿಕ್ಕಿಬಿಟ್ಟರೆ

ಎದುರಿಗೆ ತಳ್ಳಬೇಡಿ. ಹೊಳೆ ದಾಟುವವರು ನೀರಿಗೆ ಎದುರಾಗಿ ಈಜುವುದಿಲ್ಲ, ನೀರಿನ ಜೊತೆ ಸಾಗುತ್ತಾ ಓರೆಯಾಗಿ ದಡ ಸೇರುತ್ತಾರೆ. ಗುಂಪಿನಲ್ಲೂ ಹಾಗೆಯೇ, ಅದರ ಜೊತೆ ನಡೆಯುತ್ತಾ ಸ್ವಲ್ಪಸ್ವಲ್ಪವೇ ಅಂಚಿಗೆ ಸರಿಯಬೇಕು. ನೂಕುನುಗ್ಗಲು ಹೆಚ್ಚಾದರೆ ಎರಡೂ ಕೈ ಮಡಚಿ ಎದೆಯ ಮುಂದೆ ತನ್ನಿ. ನೂಕುನುಗ್ಗಲಿನಲ್ಲಿ ಜನ ಸಾಯುವುದು ಬಹುಪಾಲು ತುಳಿತದಿಂದಲ್ಲ. ಎದೆ ಹಿಗ್ಗಲು ಜಾಗವಿಲ್ಲದೆ ಉಸಿರು ಕಟ್ಟುತ್ತದೆ. ಕೈ ಮುಂದಿದ್ದರೆ ಆ ನಾಲ್ಕು ಬೆರಳಿನ ಜಾಗ ಉಳಿಯುತ್ತದೆ. ಬಿದ್ದ ಚಪ್ಪಲಿ, ಫೋನ್ ಎತ್ತಲು ಬಗ್ಗಬೇಡಿ. ಗೋಡೆ, ಬೇಲಿಯ ಪಕ್ಕ ಹೋಗಬೇಡಿ.

ಅಶ್ರುವಾಯು ಹೆಸರಿಗೆ ವಾಯು. ನಿಜದಲ್ಲಿ ಅದು ಗಾಳಿಯಲ್ಲಿ ತೇಲುವ ಸಣ್ಣ ಪುಡಿ, ಬಟ್ಟೆ, ಕೂದಲು, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಗಾಳಿ ಬೀಸಿ ಬರುತ್ತಿರುವ ದಿಕ್ಕಿಗೆ, ಸಾಧ್ಯವಾದರೆ ಎತ್ತರದ ಜಾಗಕ್ಕೆ ನಡೆಯಿರಿ. ಉರಿ ಎಷ್ಟೇ ಇದ್ದರೂ ಕಣ್ಣು ಉಜ್ಜಬಾರದು. ಉಜ್ಜಿದರೆ ಪುಡಿಯನ್ನು ನೀವೇ ಅರೆದ ಹಾಗೆ. ಬರೀ ನೀರಿನಲ್ಲಿ ಹತ್ತು ಹದಿನೈದು ನಿಮಿಷ ತೊಳೆಯಿರಿ. ಕಾಂಟಾಕ್ಟ್ ಲೆನ್ಸ್ ಇದ್ದರೆ ತೆಗೆದು ಎಸೆಯಿರಿ, ಮತ್ತೆ ಹಾಕಬೇಡಿ. ರೂಮಿಗೆ ಬಂದ ಮೇಲೆ ಬಟ್ಟೆಯನ್ನು ಮುಖದ ಮೇಲಿಂದ ಎಳೆದು ಬಿಚ್ಚುವ ಬದಲು ಕತ್ತರಿಸಿ ತೆಗೆದರೂ ನಷ್ಟವಿಲ್ಲ. ಇಲ್ಲದಿದ್ದರೆ ಅದೇ ಪುಡಿ ಎರಡನೇ ಸಲ ಕಣ್ಣಿಗೆ ಹೋಗುತ್ತದೆ.

ನೆಟ್ ಹೋದಾಗ

ಗಲಾಟೆ ಜೋರಾದಾಗ ಇಂಟರ್ನೆಟ್ ಕಡಿಯುವುದು ಈಗ ಸರ್ಕಾರಗಳಿಗೆ ಅಭ್ಯಾಸವಾಗಿದೆ. 2011ರ ಜನವರಿ ಕೊನೆಯಲ್ಲಿ ಈಜಿಪ್ಟ್ ಸುಮಾರು ಐದು ದಿನ ಇಡೀ ದೇಶವನ್ನೇ ಜಾಲದಿಂದ ಹೊರಗಿಟ್ಟಿತು. ಮಧ್ಯೆ ಮೊಬೈಲ್ ಕರೆಗಳೂ ನಿಂತಿದ್ದವು. 2024ರ ಜುಲೈ 18ರ ರಾತ್ರಿ ಬಾಂಗ್ಲಾದೇಶದಲ್ಲಿ ನೆಟ್ ಹೋಯಿತು, ಮರುರಾತ್ರಿ ಕರ್ಫ್ಯೂ ಬಂತು. ಮೊಬೈಲ್ ಇಂಟರ್ನೆಟ್ ಮರಳಿದ್ದು ಹತ್ತು ದಿನದ ಮೇಲೆ. ಆ ದಿನಗಳಲ್ಲಿ ಓದಲು ಹೋದವರ ಅಪ್ಪ ಅಮ್ಮಂದಿರು ಫೋನ್ ಹಿಡಿದು ಕೂತೇ ಇದ್ದರು.

ಈ ಸಂಕಟಕ್ಕೆ ಒಂದು ಹಳೆಯ ಉಪಾಯ ಇದೆ. ಹೊರಡುವ ಮೊದಲೇ ಮನೆಯವರ ಜೊತೆ ಮಾತಾಡಿಕೊಳ್ಳಿ: ಸುದ್ದಿಯಲ್ಲಿ ನೆಟ್ ಕಡಿದಿದೆ ಅಂತ ಬಂದರೆ ನಾನು ಮಾತಾಡಲಿಲ್ಲ ಅಂತ ಗಾಬರಿಯಾಗಬೇಡಿ, ನಾನು ಈ ಹೋಟೆಲಿನಲ್ಲೇ ಇರುತ್ತೇನೆ, ಸಾಧ್ಯವಾದಾಗ ಮಾಮೂಲಿ ಮೆಸೇಜ್ ಕಳಿಸುತ್ತೇನೆ. ಡೇಟಾ ಹೋದರೂ ಎಸ್ಎಂಎಸ್ ಎಷ್ಟೋ ಸಲ ಹೋಗುತ್ತದೆ. ಊರಿನ ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ರಾಯಭಾರ ಕಚೇರಿ, ಹೋಟೆಲು, ಮನೆಯ ಒಬ್ಬರು, ಇಷ್ಟು ನಂಬರುಗಳನ್ನು ಚೀಟಿಯಲ್ಲಿ ಬರೆದಿಡಿ. ಫೋನ್ ಕಳೆದಾಗ ಅಪ್ಪನ ನಂಬರು ಬಾಯಿಗೆ ಬರುತ್ತದಾ? ಈಗಲೇ ಹೇಳಿ ನೋಡಿ.

ಇರಬೇಕಾ, ಹೊರಡಬೇಕಾ?

ಬೀದಿಯಲ್ಲಿ ಘರ್ಷಣೆ ನಡೆಯುತ್ತಿರುವ ಹೊತ್ತಿನಲ್ಲಿ ಉತ್ತರ ಸುಲಭ: ಇದ್ದಲ್ಲೇ ಇರಿ. ಕಿಟಕಿಯಿಂದ ದೂರ, ಸಾಧ್ಯವಾದರೆ ಬೀದಿಗೆ ಮುಖ ಮಾಡದ ಕೋಣೆ. ಸ್ನಾನದ ತೊಟ್ಟಿ, ಬಕೆಟ್ಟು ಏನಿದೆಯೋ ಅದರಲ್ಲಿ ನೀರು ತುಂಬಿ, ಫೋನ್ ಚಾರ್ಜಿಗೆ ಹಾಕಿ. ಕಠ್ಮಂಡುವಿನಲ್ಲಿ ಹೋಟೆಲುಗಳಿಗೂ ಬೆಂಕಿ ಬಿತ್ತು. ಹಾಗಾಗಿ ರೂಮ್ ತೆಗೆದುಕೊಂಡ ದಿನವೇ ತುರ್ತು ಮೆಟ್ಟಿಲಿನವರೆಗೆ ಒಮ್ಮೆ ನಡೆದು ನೋಡಿ, ಮಧ್ಯೆ ಎಷ್ಟು ಬಾಗಿಲಿವೆ ಎಣಿಸಿಕೊಳ್ಳಿ. ಹೊಗೆ ತುಂಬಿದಾಗ ಕಣ್ಣು ಕಾಣುವುದಿಲ್ಲ, ಗೋಡೆ ಸವರಿಕೊಂಡು ಎಣಿಸುತ್ತಾ ಹೋಗಬೇಕು. ನೆಲಮಹಡಿ ಬೇಡ, ತೀರಾ ಮೇಲಿನ ಮಹಡಿಗಳೂ ಬೇಡ. ಕೆಳಗೆ ಕಲ್ಲು ಬೀಳುತ್ತದೆ, ಮೇಲಕ್ಕೆ ಅಗ್ನಿಶಾಮಕದವರ ಏಣಿ ಮುಟ್ಟುವುದಿಲ್ಲ.

ಕಷ್ಟದ ಪ್ರಶ್ನೆ ಬರುವುದು ಗಲಾಟೆ ಸ್ವಲ್ಪ ತಣ್ಣಗಾದಾಗ. ನಾಳೆ ಸರಿಹೋಗಬಹುದು ಅಂತ ಮನಸ್ಸು ಹೇಳುತ್ತದೆ. ಆಗ ಮನಸ್ಸನ್ನು ಕೇಳಬಾರದು, ದಾರಿಗಳನ್ನು ಎಣಿಸಬೇಕು. ಮಾಮೂಲಿ ವಿಮಾನ ಹಾರುತ್ತಿದೆಯಾ? ಗಡಿ ತೆರೆದಿದೆಯಾ? ವಿಮಾನ ನಿಲ್ದಾಣದ ರಸ್ತೆ ಹಗಲಲ್ಲಿ ನಡೆಯುತ್ತಿದೆಯಾ? ಮೂರರಲ್ಲಿ ಒಂದು ಮುಚ್ಚಿತು ಅಂದರೆ ಉಳಿದವು ಮುಚ್ಚುವ ಮೊದಲು ಹೊರಡಬೇಕು.

ವಿಮಾನ ನಿಲ್ದಾಣ ತಲುಪಿದರೆ ಗೆದ್ದೆವು ಎಂದೂ ಅಲ್ಲ. 2008ರ ನವೆಂಬರಿನಲ್ಲಿ ಪ್ರತಿಭಟನಾಕಾರರು ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣದಲ್ಲೇ ಕೂತು ಸುಮಾರು ಒಂದು ವಾರ ಅದನ್ನು ಮುಚ್ಚಿಸಿದರು. ಲಕ್ಷಾಂತರ ಪ್ರಯಾಣಿಕರು ಅತಂತ್ರರಾದರು. 2019ರ ಆಗಸ್ಟಿನಲ್ಲಿ ಹಾಂಗ್‌ಕಾಂಗ್ ನಿಲ್ದಾಣದಲ್ಲೂ ಧರಣಿ ಕೂತು ವಿಮಾನಗಳು ರದ್ದಾದವು. ಆದ್ದರಿಂದ ಎರಡನೇ ದಾರಿಯೊಂದನ್ನು ಮೊದಲೇ ನೋಡಿಟ್ಟುಕೊಳ್ಳಬೇಕು: ಪಕ್ಕದ ದೇಶದ ಗಡಿ, ಇನ್ನೊಂದು ಊರಿನ ನಿಲ್ದಾಣ, ಬಂದರು. ಆ ಪಕ್ಕದ ದೇಶಕ್ಕೆ ನಿಮಗೆ ವೀಸಾ ಬೇಕಾ ಅನ್ನುವುದನ್ನೂ.

ರಾಯಭಾರ ಕಚೇರಿ ಏನು ಮಾಡುತ್ತದೆ?

ಪಾಸ್‌ಪೋರ್ಟ್ ಕಳೆದರೆ ತುರ್ತು ಪ್ರಯಾಣ ದಾಖಲೆ ಕೊಡುತ್ತದೆ. ವಕೀಲರ, ವೈದ್ಯರ ಪಟ್ಟಿ ಕೊಡುತ್ತದೆ. ಮನೆಗೆ ಸುದ್ದಿ ಮುಟ್ಟಿಸುತ್ತದೆ. ಬಂಧನವಾದರೆ ನಿಮ್ಮನ್ನು ನೋಡಲು ಬರುತ್ತದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಹೇಳುವುದು ಇದನ್ನೇ: ವಿದೇಶಿಯನ್ನು ಹಿಡಿದಾಗ ನಿಮ್ಮ ದೇಶದ ಕಚೇರಿಗೆ ಹೇಳಬಹುದು ಎಂದು ಪೊಲೀಸರು ತಿಳಿಸಬೇಕು, ಆ ವಿದೇಶಿ ಕೇಳಿಕೊಂಡರೆ ತಡಮಾಡದೆ ಸುದ್ದಿ ಕಳಿಸಬೇಕು. ಆದ್ದರಿಂದ ಹಿಡಿದರೆ ಜಗಳ ಬೇಡ, ‘ನನ್ನ ರಾಯಭಾರ ಕಚೇರಿಗೆ ತಿಳಿಸಿ’ ಎಂಬ ಒಂದೇ ಮಾತನ್ನು ಮತ್ತೆಮತ್ತೆ ಹೇಳಿ.

ಜೈಲಿನಿಂದ ಬಿಡಿಸುವುದು ಅದರ ಕೈಯಲ್ಲಿಲ್ಲ. ಅಲ್ಲಿನ ಕಾನೂನನ್ನು ಅದು ಮೀರುವಂತಿಲ್ಲ. ಎರಡು ದೇಶಗಳ ಪೌರತ್ವ ಇದ್ದು, ಈಗಿರುವುದು ಅದರಲ್ಲೊಂದು ದೇಶದಲ್ಲಿ ಅಂದರೆ ಇನ್ನೊಂದು ದೇಶದ ಕಚೇರಿಯನ್ನು ಅಲ್ಲಿನ ಸರ್ಕಾರ ಹತ್ತಿರವೂ ಬಿಟ್ಟುಕೊಳ್ಳದೇ ಇರಬಹುದು. ನಿಮ್ಮ ದೇಶದ ಕಚೇರಿಯೇ ಅಲ್ಲಿಲ್ಲದಿದ್ದರೆ ಯಾರ ಹತ್ತಿರ ಹೋಗಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಯುರೋಪಿಯನ್ ಒಕ್ಕೂಟದ ಪ್ರಜೆಗಳು ಒಕ್ಕೂಟದ ಬೇರೆ ಯಾವ ದೇಶದ ಕಚೇರಿಗಾದರೂ ಹೋಗಬಹುದು. ಕೆನಡಾ, ಆಸ್ಟ್ರೇಲಿಯಾ ನಡುವೆಯೂ ಇಂಥ ಒಪ್ಪಂದವಿದೆ.

ಸರ್ಕಾರದ ವಿಮಾನ ಬಂದು ಕರೆದೊಯ್ಯುತ್ತದೆ ಅಂತ ಕಾದು ಕೂರುವವರು ಎರಡು ವಿಷಯ ತಿಳಿದಿರಬೇಕು. ಒಂದು, ಅದು ಎಲ್ಲ ಕಡೆ ಪುಕ್ಕಟೆ ಅಲ್ಲ. ಅಮೆರಿಕ ತನ್ನ ಪ್ರಜೆಗಳಿಂದ ಸಾಲಪತ್ರ ಬರೆಸಿಕೊಂಡೇ ಕೂರಿಸಿಕೊಳ್ಳುವುದು ರೂಢಿ. ಎರಡು, ಅದು ನಿಮ್ಮ ಬಾಗಿಲಿಗೆ ಬರುವುದಿಲ್ಲ. 1990ರಲ್ಲಿ ಕುವೈತನ್ನು ಇರಾಕ್ ಆಕ್ರಮಿಸಿದಾಗ ಸುಮಾರು 1.7 ಲಕ್ಷ ಭಾರತೀಯರು ವಾಪಸಾದರು. ಅವರಲ್ಲಿ ಬಹುಪಾಲು ಜನ ವಿಮಾನ ಹತ್ತಿದ್ದು ಜೋರ್ಡಾನಿನ ಅಮ್ಮಾನ್‌ನಲ್ಲಿ, ಮರುಭೂಮಿಯ ದಾರಿ ದಾಟಿದ ಮೇಲೆ. ಖಾರ್ಟೂಮ್‌ನಿಂದ ಹೊರಟವರಿಗೆ ಪೋರ್ಟ್ ಸೂಡಾನ್ ಬಂದರು ಸುಮಾರು 800 ಕಿಲೋಮೀಟರ್. ವಿಶ್ವಸಂಸ್ಥೆಯ ವಾಹನಗಳ ಸಾಲಿಗೆ ಅಷ್ಟು ದೂರಕ್ಕೆ 35 ಗಂಟೆ ಹಿಡಿಯಿತು. ಬಂದರಿನಲ್ಲಿ ಮತ್ತೆ ಕಾಯಬೇಕು, ಅಲ್ಲಿಂದ ಹಡಗಿನಲ್ಲಿ ಸೌದಿ ಅರೇಬಿಯಾದ ಜೆಡ್ಡಾ.

ಇಂಥ ಬಸ್ಸಿಗೆ ದೊಡ್ಡ ಸೂಟ್‌ಕೇಸ್ ಹತ್ತಿಸುವುದಿಲ್ಲ. ತೊಡೆಯ ಮೇಲೆ ಇಟ್ಟುಕೊಳ್ಳಬಹುದಾದ ಒಂದು ಚೀಲ, ಅದರಲ್ಲಿ ಪಾಸ್‌ಪೋರ್ಟು, ನೀರು, ಮಾತ್ರೆ, ಒಣ ತಿಂಡಿ, ಚಾರ್ಜರ್. ಪಟ್ಟಿಯಲ್ಲಿ ಹೆಸರು ಬರೆಸುವಾಗ ಮನೆಯಲ್ಲಿ ಕರೆಯುವ ಹೆಸರಲ್ಲ, ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರವೂ ಆಚೀಚೆ ಆಗದ ಹಾಗೆ ಬರೆಸಿ. ದಾರಿಯಲ್ಲಿ ಬರುವ ಪ್ರತಿ ತಪಾಸಣಾ ಕಟ್ಟೆಯಲ್ಲೂ ಆ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ.